ಮಕ್ಕಳ ಜೊತೆ ಮೆಟ್ಟಿಲ ಬೆಟ್ಟ: ಹತ್ತೋದಿರಲಿ, ಇಳಿಯೋದು ನೋಡ್ಕೊಳ್ಳಿ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗ್ತೀವಿ ಅಂದರೆ ಎಲ್ಲರೂ ನೀರು ತಗೊಳ್ಳಿ, ಟೋಪಿ ಹಾಕ್ಕೊಳ್ಳಿ ಅಂತ ಹೇಳುತ್ತಾರೆ. ತೊಡೆಯ ಬಗ್ಗೆ ಯಾರೂ ಒಂದು ಮಾತು ಹೇಳಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಲಾಡ್ಜಿನ ಮೇಲಿನ ಸಿಟ್ಟೂ ಇದೆ, ಅದು ಮುಂದೆ ಬರುತ್ತದೆ.

ನಾವು ಬೆಂಗಳೂರಿನವರು. ನಾನು, ನಮ್ಮನೆಯವರು, ಹತ್ತು ವರ್ಷದ ಮಗ, ಏಳು ವರ್ಷದ ಮಗಳು, ಜೊತೆಗೆ ಅತ್ತೆ. ನಮ್ಮಿಬ್ಬರದ್ದೂ ಕೂತು ಮಾಡುವ ಕೆಲಸ. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ, ಈ ಸಲ ರೆಸಾರ್ಟ್ ಬೇಡ, ಮೆಟ್ಟಿಲಿರುವ ಬೆಟ್ಟಗಳಿಗೆ ಹೋಗೋಣ ಅಂತ ತೀರ್ಮಾನ ಮಾಡಿದೆವು. ಕಾಡಿನ ಚಾರಣದ ದಾರಿಗಳನ್ನು ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಮುಚ್ಚುವುದುಂಟು. ಕುಮಾರ ಪರ್ವತದಂಥ ಕಡೆ ಆ ತಿಂಗಳುಗಳಲ್ಲಿ ಹೋಗುವ ಯೋಚನೆಯೇ ಬೇಡ. ಮೆಟ್ಟಿಲ ಬೆಟ್ಟಕ್ಕೆ ಆ ತಾಪತ್ರಯ ಇಲ್ಲ. ಬುಡದ ತನಕ ಬಸ್ಸು ಹೋಗುತ್ತದೆ. ಮೇಲೆ ದೇವರಿರುವುದರಿಂದ ಅತ್ತೆಯೂ ಖುಷಿಯಾಗಿ ಹೊರಡುತ್ತಾರೆ.

ಜಿಮ್ಮಿಗೆ ಹೋಗಿ ಫೀಸು ಕೇಳಿ ಬಂದೆವು. ಇಬ್ಬರಿಗೆ ಸೇರಿ ಹೇಳಿದ ದುಡ್ಡಲ್ಲಿ ಇಡೀ ಬೇಸಿಗೆ ಊರೂರು ತಿರುಗಬಹುದಿತ್ತು. ಹಾಗಾಗಿ ಮನೆಯಲ್ಲೇ ಶುರು ಮಾಡಿದೆವು. ಬೆಳಿಗ್ಗೆ ಸೂರ್ಯ ನಮಸ್ಕಾರ, ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲೋದು. ಸ್ಕಿಪ್ಪಿಂಗ್ ಕೂಡ ಇತ್ತು. ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, "ಏನಮ್ಮಾ, ಬೆಳಗಾಗೆದ್ದು ಮೆಣಸಿನಪುಡಿ ಕುಟ್ತೀರಾ?" ಅಂತ ಕೇಳಿದ ಮೇಲೆ ಅದು ನಿಂತಿತು. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಓಡಾಟ ಬೇಕು, ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಆ ಒಂದು ಗಂಟೆಯನ್ನು ಸೋಫಾ ಮೇಲೆ ಕುಣಿದೇ ಮುಗಿಸುತ್ತಾರೆ. ಕಷ್ಟಪಡಬೇಕಾಗಿದ್ದದ್ದು ನಾವು.

ಸಂಜೆ ಹೊತ್ತು ಅಪಾರ್ಟ್‌ಮೆಂಟಿನ ಮೆಟ್ಟಿಲು. ನಮ್ಮ ಕಟ್ಟಡದಲ್ಲಿ ವ್ಯಾಯಾಮ ಅಂತ ಮೆಟ್ಟಿಲು ಹತ್ತುವವರೆಲ್ಲ ಕೆಳಗೆ ಬರುವುದು ಲಿಫ್ಟಿನಲ್ಲಿ. ಎದೆ ಬಡಿತಕ್ಕೆ, ಉಸಿರಿಗೆ ಅಷ್ಟು ಸಾಕು. ಬೆಟ್ಟಕ್ಕೆ ಸಾಲದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಒಂದು ಕಡೆ ಉದ್ದಕ್ಕೆ ಹಿಗ್ಗುತ್ತಾ ಇರುತ್ತದೆ, ಇನ್ನೊಂದು ಕಡೆ ಇಡೀ ಮೈಭಾರ ತಡೆಯಬೇಕು. ಅಭ್ಯಾಸ ಇಲ್ಲದ ಕಾಲಿಗೆ ಹತ್ತುವುದಕ್ಕಿಂತ ಅದೇ ಜಾಸ್ತಿ ಪೆಟ್ಟು. ನೋವು ಆವತ್ತೇ ಗೊತ್ತಾಗುವುದಿಲ್ಲ. ಮಾರನೇ ದಿನ ಶುರುವಾಗಿ ಅದರ ಮಾರನೇ ದಿನ ಪೂರ್ತಿ ತೋರಿಸುತ್ತದೆ. ತುಮಕೂರಿನ ಹತ್ತಿರ ಸಿದ್ಧಗಂಗೆಯ ಚಿಕ್ಕ ಬೆಟ್ಟಕ್ಕೆ ಮೊದಲು ಹೋಗಿ ಬಂದೆವು. ಏನೂ ಆಗಲಿಲ್ಲ ಅಂದುಕೊಂಡೆವು. ಎರಡನೇ ದಿನ ನಮ್ಮನೆಯವರು ಬಾತ್‌ರೂಮಿನ ನಲ್ಲಿ ಹಿಡಿದುಕೊಂಡು ಕೂರಬೇಕಾಯಿತು. ಮಕ್ಕಳು ಮಾತ್ರ ಮನೆ ತುಂಬ ಕುಣಿಯುತ್ತಿದ್ದರು.

ಅಲ್ಲಿಂದ ಮುಂದೆ ಮಾಡಿದ್ದು ಇಷ್ಟೇ. ಕೊನೆಯ ಮೆಟ್ಟಿಲ ಮೇಲೆ ನಿಂತು, ಒಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನಕ್ಕೆ ನೆಲಕ್ಕೆ ಇಳಿಸೋದು. ಧಪ್ ಅಂತ ಇಡಬಾರದು. ಆಮೇಲೆ ಇನ್ನೊಂದು ಕಾಲು. ಇದರ ಜೊತೆ ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯೋದು. ಸೆಕ್ಯುರಿಟಿಯವರು ನಮ್ಮನ್ನು ವಿಚಿತ್ರವಾಗಿ ನೋಡಿದರು, ನೋಡಲಿ ಬಿಡಿ. ಮುಂದಿನ ಬೆಟ್ಟಗಳಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಮಂಡಿ ನೋವು ಮೊದಲೇ ಇರುವವರು ಡಾಕ್ಟರನ್ನು ಕೇಳಿ ಶುರು ಮಾಡಿ. ಇನ್ನೊಂದು ಮಾತು, ಎರಡು ಬೆಟ್ಟಗಳನ್ನು ಹಿಂದುಮುಂದು ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ನಡುವೆ ಎರಡು ದಿನ ಬಿಡಿ.

ಸಿದ್ಧಗಂಗೆ, ದೇವರಾಯನದುರ್ಗದ ಕಡೆ ಹೋಗುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗಬೇಡಿ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಹೆದ್ದಾರಿ ಬದಿಯ ದೊಡ್ಡ ಬೋರ್ಡಿನ ಕಡೆ ಕಾರು ತಿರುಗಿಸುವ ಮುಂಚೆ ಊರೊಳಗೆ ಒಂದು ಸುತ್ತು ಹಾಕಿ. ನಾವು ತಿಂದ ಜಾಗದಲ್ಲಿ ಬೋರ್ಡಿನ ಬಣ್ಣ ಪೂರ್ತಿ ಹೋಗಿತ್ತು. ಒಳಗೆ ಮೂರೋ ನಾಲ್ಕೋ ಮೇಜು. ಅರ್ಧ ಜನ ಹೊರಗೆ ನಿಂತೇ ತಿನ್ನುತ್ತಿದ್ದರು. ಅಗಲ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡು ಹಬೆಯಿಂದ ಆಚೆ ಬಂದರೆ ಸಾಕು, ಎಲ್ಲರ ಮಾತು ನಿಲ್ಲುತ್ತಿತ್ತು. ಇಡ್ಲಿ ಮೇಲೆ ಒಂದು ತುಂಡು ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಚಟ್ನಿ. ಸಾಂಬಾರ್ ಇಲ್ಲ. ಮಗ ಸಾಂಬಾರ್ ಕೇಳಿದ. ಮಾಲೀಕರು ತಲೆ ಎತ್ತದೆ, "ಚಟ್ನಿ ಸರಿಯಾಗಿಲ್ಲ ಅಂದ್ರೆ ಹೇಳಪ್ಪಾ, ಸಾಂಬಾರ್ ಮಾಡಿಸ್ತೀನಿ" ಅಂದರು. ಅವನು ಚಟ್ನಿಯನ್ನೇ ಮೂರು ಸಲ ಹಾಕಿಸಿಕೊಂಡ. ಚಟ್ನಿಗೆ ಬೇರೆ ದುಡ್ಡಿಲ್ಲ. ಇಡ್ಲಿ ನಡುವೆ ಬೆರಳಿಟ್ಟರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ, ಅಷ್ಟು ಮೆತ್ತಗೆ. ಬೆಂಗಳೂರಿನಲ್ಲಿ ತಟ್ಟೆ ಇಡ್ಲಿ ಅಂತ ಕೊಡುವುದು ನಡುವೆ ಒಣಗಿರುತ್ತದೆ ಅಲ್ವಾ, ಆ ಕಾಟ ಇಲ್ಲಿ ಇಲ್ಲ. ಉದ್ದಿನ ವಡೆ ಏಳೂವರೆಗೆಲ್ಲ ಖಾಲಿ. ಐದು ಜನ ಹೊಟ್ಟೆ ತುಂಬ ತಿಂದು, ಮೇಲೆ ಕಾಫಿ ಕುಡಿದರೂ ಬಿಲ್ಲು ನಾನೂರು ದಾಟಲಿಲ್ಲ. ಅತ್ತೆ ಹೊರಗಿನ ತಿಂಡಿಗೆ ಸುಲಭಕ್ಕೆ ಒಪ್ಪುವವರಲ್ಲ. ಅವರೇ ಇನ್ನೊಂದು ಅರ್ಧ ಬೇಕು ಅಂದರು. ಅಲ್ಲಿ ಅರ್ಧ ಕೊಡುವುದಿಲ್ಲ, ಪೂರ್ತಿ ತಿಂದರು.

ಇನ್ನು ಶ್ರವಣಬೆಳಗೊಳ. ಈ ಬೇಸಿಗೆಯ ಒಳ್ಳೆಯ ದಿನವೂ ಅಲ್ಲೇ, ಕೆಟ್ಟ ರಾತ್ರಿಯೂ ಅದರ ಪಕ್ಕದಲ್ಲೇ.

ಗೊಮ್ಮಟ ನಿಂತಿರುವ ವಿಂಧ್ಯಗಿರಿಯ ಮೆಟ್ಟಿಲು ಆರು ನೂರಕ್ಕೂ ಜಾಸ್ತಿ, ಎಲ್ಲ ಬಂಡೆಯಲ್ಲೇ ಕೊರೆದದ್ದು. ಚಪ್ಪಲಿ, ಶೂ ಕೆಳಗೇ ಬಿಡಬೇಕು. ಬೆಳಿಗ್ಗೆ ಆರೂವರೆ ಹೊತ್ತಿಗೆ ಹತ್ತಲು ಬಿಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಹೊತ್ತಿಗೆ ಹತ್ತಿ, ಒಂಬತ್ತಕ್ಕೆ ಕೆಳಗಿರಿ. ಹತ್ತೂವರೆ ಮೇಲೆ ಆ ಬಂಡೆ ಕಾದ ಹೆಂಚು. ನಾವು ಇಳಿದು ಎಳನೀರು ಕುಡಿಯುವಾಗ ಹತ್ತಲು ಹೊರಟ ಒಂದು ದೊಡ್ಡ ಗುಂಪು ಕಂಡಿತು. ಅವರ ಮಕ್ಕಳು ಮೊದಲ ಐವತ್ತು ಮೆಟ್ಟಿಲಿನಲ್ಲೇ ಕಾಲು ಎತ್ತಿ ಎತ್ತಿ ಇಡುತ್ತಾ ಅಳುತ್ತಿದ್ದವು. ಬುಡದಲ್ಲಿ ಸಾಕ್ಸ್ ಮಾರುತ್ತಾರೆ, ಹಾಕಿಕೊಂಡು ಹತ್ತಬಹುದು. ಆದರೆ ತೆಳು ಸಾಕ್ಸ್ ನುಣುಪಾದ ಬಂಡೆಯಲ್ಲಿ ಇಳಿಯುವಾಗ ಜಾರುತ್ತದೆ. ಮನೆಯಿಂದಲೇ ದಪ್ಪ ಹತ್ತಿಯದು ಒಯ್ಯಿರಿ. ಬೇಗ ಹತ್ತಿದರೆ ಅದೂ ಬೇಡ, ಬರಿಗಾಲೇ ಸರಿ. ವಯಸ್ಸಾದವರಿಗೆ ಡೋಲಿ ಸಿಗುತ್ತದೆ. ಬಾಡಿಗೆಯನ್ನು ಹೋಗಿ ಬರುವುದಕ್ಕೆ ಸೇರಿಸಿ ಮೊದಲೇ ಮಾತಾಡಿ. ಅತ್ತೆ ಡೋಲಿ ಬೇಡ ಅಂದರು. ಅರ್ಧ ದಾರಿಯಲ್ಲಿ ಕೂತು, ಎದುರು ಚಂದ್ರಗಿರಿಯನ್ನೂ ಕೆಳಗಿನ ಕೊಳವನ್ನೂ ನೋಡಿಕೊಂಡು, ನಿಧಾನಕ್ಕೆ ಪೂರ್ತಿ ಹತ್ತಿಬಿಟ್ಟರು.

ಗೊಮ್ಮಟನ ಎತ್ತರ 58 ಅಡಿ, ಚಾವುಂಡರಾಯ ನಿಲ್ಲಿಸಿದ್ದು 981ರಲ್ಲಿ ಅನ್ನುವುದು ಪಾಠದಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋದರೆ ವಿಗ್ರಹದ ಪಾದದ ಪಕ್ಕದ ಬರಹ ತೋರಿಸಿ. "ಶ್ರೀ ಚಾವುಣ್ಡರಾಜಂ ಮಾಡಿಸಿದಂ" ಅಂತ ಹಳಗನ್ನಡದಲ್ಲಿ ಇದೆ. ಸಾವಿರ ವರ್ಷದ ಹಿಂದಿನ ಬರಹ ಓದಿದರೆ ತನಗೂ ಅರ್ಥವಾಗುತ್ತದೆ ಅಂತ ನಮ್ಮ ಮಗನಿಗೆ ಬಹಳ ಆಶ್ಚರ್ಯ. ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಬೇಕು, ಹಿಂದಿನದು 2018ರಲ್ಲಿ ಆಗಿತ್ತು. ಆ ಜನಸಾಗರದಲ್ಲಿ ನಾನಂತೂ ಹೋಗಲ್ಲ.

ಹೆಚ್ಚಿನವರು ಇಲ್ಲಿಂದ ನೇರ ಕಾರು ಹತ್ತುತ್ತಾರೆ. ಎದುರಿನ ಚಂದ್ರಗಿರಿ ಚಿಕ್ಕದು, ಮೆಟ್ಟಿಲೂ ಕಮ್ಮಿ, ಜನ ಇಲ್ಲವೇ ಇಲ್ಲ. ಮೇಲೆ ಬಸದಿಗಳ ಗುಂಪೇ ಇದೆ. ಚಂದ್ರಗುಪ್ತ ಬಸದಿಯ ಜಾಲಂಧ್ರದ, ಅಂದರೆ ತೂತು ತೂತಾಗಿ ಕೊರೆದ ಕಲ್ಲಿನ ಜಾಲರಿಯ ಕೆತ್ತನೆಯ ಮುಂದೆ ಮಗಳು ಎಷ್ಟು ಹೊತ್ತು ಕೂತಿದ್ದಳೋ. ಒಂದೇ ಬೆಟ್ಟ ಹತ್ತುವ ಶಕ್ತಿ ಇದ್ದರೆ ನಾನು ಚಂದ್ರಗಿರಿಯನ್ನೇ ಹತ್ತು ಅನ್ನುತ್ತೇನೆ. ಜಗಳಕ್ಕೆ ಬರಬೇಡಿ, ನನಗೆ ಜನಜಂಗುಳಿ ಆಗಲ್ಲ. ನನ್ನ ಮಾತನ್ನು ಆ ಲೆಕ್ಕದಲ್ಲೇ ತಗೊಳ್ಳಿ.

ಬೆಳಿಗ್ಗೆ ಆರೂವರೆಗೆ ಬುಡದಲ್ಲಿರಬೇಕು ಅಂದರೆ ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿಯಬೇಕು. ನಾವು ಸ್ವಲ್ಪ ದೂರದ ಒಂದು ಲಾಡ್ಜಿನಲ್ಲಿ ಮೊದಲೇ ರೂಮ್ ಮಾಡಿದ್ದೆವು. ಫೋನಿನಲ್ಲಿ ಹೇಳಿದ ದರ ಒಂದು, ಹೋದಾಗ ಕೇಳಿದ್ದು ಇನ್ನೊಂದು. "ಸಮ್ಮರ್ ಸೀಸನ್ನು ಮೇಡಂ" ಅಂದರು. ಎಸಿಯ ದುಡ್ಡು ತಗೊಂಡು ರಿಮೋಟ್ ಕೊಡಲಿಲ್ಲ. ಕೇಳಿದರೆ, ವೋಲ್ಟೇಜ್ ಕಮ್ಮಿ, ರಾತ್ರಿ ಹತ್ತರ ಮೇಲೆ ಹಾಕ್ತೀವಿ ಅನ್ನುವ ಉತ್ತರ. ಹತ್ತಾಯಿತು, ಹನ್ನೊಂದಾಯಿತು. ಮಕ್ಕಳಿಗೆ ಕೊಟ್ಟ ಒಂದು ಹಾಸಿಗೆಗೆ ತಲೆಗೆ ಇಷ್ಟು ಅಂತ ಬೇರೆ ಹಾಕಿದ್ದರು. ಬಿಸಿನೀರು ಏಳಕ್ಕೆ ಬರುತ್ತದಂತೆ, ನಾವು ಹೊರಡುವುದು ಐದೂಮುಕ್ಕಾಲಿಗೆ. ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಧಗೆ. ಬೆಳಿಗ್ಗೆ ಬಿಲ್ಲು ಕೇಳಿದಾಗ ಕೌಂಟರಿನಲ್ಲಿ ಮಲಗಿದ್ದ ಹುಡುಗ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟ. ನಮ್ಮನೆಯವರು ಜಗಳ ಬೇಡ ಬಾ ಅಂತ ಎಳೆದುಕೊಂಡು ಬಂದರು. ನನಗೆ ಇನ್ನೂ ಸಿಟ್ಟಿದೆ.

ನೀವು ಹೋಗುವುದಾದರೆ ಬೆಳಗೊಳದ ಊರೊಳಗೇ ಉಳಿಯಿರಿ. ಯಾತ್ರಿಕರಿಗಾಗಿ ಇರುವ ಅತಿಥಿಗೃಹಗಳನ್ನು ಅಲ್ಲಿನ ಜೈನ ಕ್ಷೇತ್ರದ ಸಮಿತಿ ನಡೆಸುತ್ತದೆ. ಬೆಟ್ಟದ ಬುಡಕ್ಕೆ ನಡೆದುಕೊಂಡೇ ಹೋಗಬಹುದು. ಜೈನರು ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವವರು. ರಾತ್ರಿ ಒಂಬತ್ತಕ್ಕೆ ಹೋಗಿ ಬಿಸಿ ಊಟ ಹುಡುಕಬೇಡಿ. ಬೇರೆ ಎಲ್ಲೇ ಉಳಿದರೂ ದರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ಮಕ್ಕಳ ಹಾಸಿಗೆಯೂ ಅದರಲ್ಲೇ ಸೇರಿದೆಯಾ ಅಂತ ಕೇಳಿ.

ವಾಪಸ್ ಬರುವ ಬಸ್ಸಿನ ಕಥೆ ಚಿಕ್ಕದು. ಭಾನುವಾರ ಸಂಜೆ ಹೆದ್ದಾರಿಗೆ ಬಂದು ನಿಂತೆವು. ಒಂದು ಖಾಸಗಿ ಬಸ್ಸಿನ ಕಂಡಕ್ಟರು "ಮೆಜೆಸ್ಟಿಕ್, ಮೆಜೆಸ್ಟಿಕ್, ಸೀಟಿದೆ" ಅಂತ ಕೂಗಿ ಹತ್ತಿಸಿಕೊಂಡ. ಸೀಟು ಅಂದರೆ ಡ್ರೈವರ್ ಪಕ್ಕದ ಇಂಜಿನ್ ಮೇಲಿನ ಜಾಗ, ಕೆಳಗಿಂದ ಬಿಸಿ. ಅತ್ತೆಗೆ ಒಬ್ಬ ಹುಡುಗ ಎದ್ದು ಜಾಗ ಕೊಟ್ಟ, ಪುಣ್ಯಾತ್ಮ. ನೆಲಮಂಗಲದಲ್ಲಿ ಎಲ್ಲರನ್ನೂ ಇಳಿಸಿ, ಇಲ್ಲಿಂದ ಬೇರೆ ಬಸ್ ಹಿಡ್ಕೊಳ್ಳಿ ಅಂದುಬಿಟ್ಟ. ಭಾನುವಾರ ಸಂಜೆ ಬೆಂಗಳೂರಿಗೆ ಹೊರಡಲೇಬೇಡಿ. ಒಂದೋ ಮಧ್ಯಾಹ್ನ ಎರಡರ ಒಳಗೆ ಹೊರಡಿ, ಇಲ್ಲ ಸೋಮವಾರ ಬೆಳಿಗ್ಗೆ. ಸರ್ಕಾರಿ ಸಾಮಾನ್ಯ ಸಾರಿಗೆಯಲ್ಲಿ ಶಕ್ತಿ ಯೋಜನೆ ಇರುವುದರಿಂದ ನನಗೆ, ಅತ್ತೆಗೆ, ಮಗಳಿಗೆ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸ, ಐರಾವತದಲ್ಲಿ ಅದು ನಡೆಯಲ್ಲ.

ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಉಳಿದದ್ದರಿಂದ ರೂಮಿನ ಬಗ್ಗೆ ಹೇಳಲು ಏನಿಲ್ಲ. ಅರಮನೆ, ಝೂ ಬಗ್ಗೆ ನಿಮಗೇ ಗೊತ್ತು. ಚಾಮುಂಡಿ ಬೆಟ್ಟದ ಮೆಟ್ಟಿಲಿನ ಒಂದು ವಿಷಯ ಮಾತ್ರ ಹೇಳುತ್ತೇನೆ. ಒಟ್ಟು ಸಾವಿರದಷ್ಟು ಮೆಟ್ಟಿಲು, ದೊಡ್ಡ ನಂದಿ ಇರುವುದು ಸುಮಾರು ಏಳು ನೂರರ ಹತ್ತಿರ. ಕಡಿದಾದ ಭಾಗ ನಂದಿಗಿಂತ ಕೆಳಗೇ ಮುಗಿಯುತ್ತದೆ. ಮಕ್ಕಳು ಸೋತಾಗ "ನಂದಿ ತನಕ ಬಾ" ಅಂದರೆ ಸಾಕು, ಆಮೇಲೆ ತಾವೇ ಹತ್ತುತ್ತವೆ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ, ಬೆವರಿದ ಕಾಲಿಗೆ ಅದು ಜಾರುತ್ತದೆ, ಅಂಚಿನಲ್ಲಿ ಕಾಲಿಡಿ. ಮೇಲಿಂದ ಊರಿಗೆ ಸಿಟಿ ಬಸ್ಸು ಇದೆ. ಹತ್ತಿ, ದರ್ಶನ ಮಾಡಿ, ಬಸ್ಸಿನಲ್ಲಿ ಇಳಿದುಬಿಡಿ. ಇಳಿಯುವ ಅಭ್ಯಾಸ ಇಲ್ಲದವರಿಗೆ, ತೊಡೆ ಉಳಿಸಿಕೊಂಡು ಬೆಟ್ಟ ಹತ್ತಿದ ಸಂತೋಷ ಪಡಲು ಇಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಅತ್ತೆ ಹೋಗುವಾಗಲೂ ಬಸ್ಸಿನಲ್ಲೇ ಹೋಗಿ, ನಮಗಿಂತ ಮುಂಚೆ ದರ್ಶನ ಮುಗಿಸಿ, ಬೆಂಚಿನ ಮೇಲೆ ಕಾಯುತ್ತಿದ್ದರು. ಆಷಾಢ ಶುಕ್ರವಾರಗಳ ಕಡೆ ತಲೆ ಹಾಕಬೇಡಿ.

ನಂದಿ ಬೆಟ್ಟಕ್ಕೆ ಹೋಗಲಿಲ್ವಾ ಅಂತ ಕೇಳುವವರಿಗೆ: ರಜೆಯ ಶನಿವಾರ, ಭಾನುವಾರ ಬೆಳಗಿನ ಜಾವ ಕಾರುಗಳ ಸಾಲಿನಲ್ಲಿ ನಿಂತು ಸೂರ್ಯೋದಯವನ್ನು ಮುಂದಿನ ಕಾರಿನ ಹಿಂದಿನ ಗಾಜಿನಲ್ಲಿ ನೋಡುವ ಆಸೆ ಇದ್ದರೆ ಹೋಗಿ.

ಕುಡಿಯಲು ನಾವು ಒಯ್ದದ್ದು ನೀರು, ನೀರು ಮಜ್ಜಿಗೆ, ಮತ್ತೆ ಮನೆಯ ಓಆರ್‌ಎಸ್. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂದಾಜಿಗೆ ಹಾಕಬೇಡಿ. ಅಂಗಡಿಯಲ್ಲಿ ಡಬ್ಬಿಯ ಸಿಹಿ ಪಾನೀಯವನ್ನೇ ಓಆರ್‌ಎಸ್ ಅಂತ ಕೈಗಿಡುತ್ತಾರೆ. ಸರಿಯಾದ ಸೂತ್ರ ಪಾಲಿಸದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದೆ. ಮೆಡಿಕಲ್ ಶಾಪಿನಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ ತಗೊಳ್ಳಿ.

ಏಪ್ರಿಲ್ ಕೊನೆಯಿಂದ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಜಾಸ್ತಿ. ಬೋಳು ಬಂಡೆಯ ಮೇಲೆ ಸಿಡಿಲಿಗೆ ಮರೆಯಿಲ್ಲ, ಮೋಡ ಕಪ್ಪಾಗುವುದು ಕಂಡರೆ ಇನ್ನು ನೂರೇ ಮೆಟ್ಟಿಲು ಉಳಿದಿದ್ದರೂ ತಿರುಗಿ ಬನ್ನಿ. ಕೋತಿಗಳಿಗೆ ಕೈಚೀಲ ಕಂಡರೆ ಸಾಕು, ಎಲ್ಲವನ್ನೂ ಜಿಪ್ ಇರುವ ಬೆನ್ನುಚೀಲದಲ್ಲಿ ಇಡಿ. ಬೆಳಗೊಳಕ್ಕೆ ರೈಲಿನಲ್ಲೂ ಹೋಗಬಹುದು, 2017ರಿಂದ ಕುಣಿಗಲ್ ಮಾರ್ಗದಲ್ಲಿ ಬೆಂಗಳೂರು ಹಾಸನದ ರೈಲು ಅಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಬಸ್ಸಿಗಿಂತ ಅದೇ ವಾಸಿ. ನಿಲ್ದಾಣ ಊರಿನಿಂದ ಆಚೆ ಇದೆ, ಆಟೋ ಹತ್ತುವ ಮುಂಚೆ ತಲೆಗೆಷ್ಟು ಅಲ್ಲ, ಒಟ್ಟು ಎಷ್ಟು ಅಂತ ಕೇಳಿ.