ಹಪ್ಪಳದ ಮಂಚ ದಾಟುವ ಬಾಗಿಲು

ಸಾಗರದ ನಮ್ಮ ಮನೆಯ ಹಿಂದಿನ ಜಗಲಿ ಬಾಗಿಲು ಈ ವರ್ಷ ಕೊನೆಗೂ ಕೈಕೊಟ್ಟಿತು. ಅಜ್ಜ ಮಾಡಿಸಿದ್ದು, ಹೊನ್ನೆ ಮರದ್ದು. ಹಲಗೆಗಳು ಈಗಲೂ ಕಲ್ಲಿನ ಹಾಗಿವೆ. ಆದರೆ ದಾರಂದದ ಬುಡಕ್ಕೆ ಗೆದ್ದಲು ಹಿಡಿದು, ಸ್ಕ್ರೂಡ್ರೈವರ್ ಒತ್ತಿದರೆ ರವೆ ಥರ ಉದುರುತ್ತಿತ್ತು. ಬಾಗಿಲು ಪಶ್ಚಿಮಕ್ಕಿದೆ, ಮಳೆಗಾಲದಲ್ಲಿ ಇರಚಲು ನೇರ ಒಳಗೇ. ಜೂನ್ ಬಂತೆಂದರೆ ಅಮ್ಮ ಹಳೇ ಟವೆಲ್ ಒಂದನ್ನು ಸುರುಳಿ ಸುತ್ತಿ ಹೊಸ್ತಿಲಿಗೆ ಒತ್ತಿಡುತ್ತಿದ್ದಳು.

ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿದ್ದೂ ಇದ್ದೂ ನನ್ನ ತಲೆಯಲ್ಲಿದ್ದದ್ದು ಒಂದೇ, ಸ್ಲೈಡಿಂಗ್ ಗಾಜಿನ ಬಾಗಿಲು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಬಿಳಿ ಯುಪಿವಿಸಿಯದು, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನದು ನೋಡಿದೆ, ಒಂದು ಬೆರಳಲ್ಲಿ ಸರಿಸಬಹುದು, ಗೆದ್ದಲು ಮುಟ್ಟಲ್ಲ, ಮಳೆಗೆ ಉಬ್ಬಲ್ಲ. ಅಳತೆಗೆ ಬಂದ ಹುಡುಗ ನಡುಮಧ್ಯ ಒಂದೇ ಸಲ ಟೇಪ್ ಹಿಡಿದು ‘ಆರಡಿ ಸಾರ್’ ಎಂದು ಬರೆದುಕೊಂಡ. ಅಡ್ವಾನ್ಸ್ ಕೇಳಿದ. ನಾನು ಫೋನ್ ತೆಗೆದೂ ಆಗಿತ್ತು.

‘ಇದು ಪೂರ್ತಿ ತೆರೆಯುತ್ತಾ?’ ಅಂದಳು ಅಮ್ಮ.

ತೆರೆಯಲ್ಲ. ಎರಡು ಗಾಜಿದ್ದರೆ ಒಂದರ ಹಿಂದೆ ಇನ್ನೊಂದು ಸರಿಯಬೇಕು, ಆರಡಿ ಬಾಗಿಲಲ್ಲಿ ದಾರಿ ಸಿಗೋದು ಮೂರಡಿಗಿಂತ ಕಮ್ಮಿ. ನಮ್ಮನೆ ಹಪ್ಪಳದ ಮಂಚವೇ ಮೂರಡಿ ಅಗಲ! ಏಪ್ರಿಲ್-ಮೇನಲ್ಲಿ ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುತ್ತಿರುವಾಗ ಗುಡುಗಿತು ಅಂದರೆ, ಇಬ್ಬರು ಆಚೀಚೆ ಹಿಡಿದು ಮಂಚ ಸಮೇತ ಒಳಗೆ ಓಡಬೇಕು. ‘ಆಗ ಏನು ಮಂಚನ ಮಗುಚಿ ತರೋದಾ ಮಾರಾಯ?’ ಅಂದಳು ಅಮ್ಮ. ಶೋರೂಮಿನಲ್ಲಿ ಇಂಥದ್ದೆಲ್ಲ ಹೊಳೆಯೋದೇ ಇಲ್ಲ ನೋಡಿ.

ಅಡ್ವಾನ್ಸ್ ನಿಂತಿತು. ಮಾರನೇ ದಿನ ಪರಿಚಯದ ಬಡಗಿ ಆಚಾರ್ರನ್ನು ಕರೆಸಿದೆವು. ಅವರು ಮೊದಲು ದಾರಂದದ ಪಕ್ಕದ ಗಾರೆ ಕೆತ್ತಿ ಜಂಬಿಟ್ಟಿಗೆ ಕಾಣುವ ಹಾಗೆ ಮಾಡಿದರು. ಆಮೇಲೆ ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿದರು, ಮೂಲೆಯಿಂದ ಮೂಲೆಗೆ ದಾರ ಎಳೆದರು. ಅಗಲ ಮೇಲೆ 70½ ಇಂಚು, ನಡುವೆ 72, ಕೆಳಗೆ 71. ಮಣ್ಣಲ್ಲಿ ಕಟ್ಟಿದ ಹಳೇ ಗೋಡೆ, ಅದಕ್ಕೆಲ್ಲಿಯ ಮೂಲೆಮಟ್ಟ. ಆ ಹುಡುಗನ ಆರಡಿ ಲೆಕ್ಕಕ್ಕೆ ಚೌಕಟ್ಟು ಬಂದಿದ್ದರೆ ಮೇಲೆ ಕೂರುತ್ತಲೇ ಇರಲಿಲ್ಲ. ಚೌಕಟ್ಟು ಚಿಕ್ಕದು ಮಾಡೋಣ ಅಂದರೆ ಗಾಜೂ ಹೊಸದೇ ಬೇಕು, ಯಾಕೆಂದರೆ ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು, ಒಮ್ಮೆ ತಯಾರಾದ ಮೇಲೆ ಕತ್ತರಿಸೋಕಾಗಲ್ಲ, ಕತ್ತರಿಸ ಹೋದರೆ ಪೂರ್ತಿ ಪುಡಿ.

‘ಗೋಡೆ ಎಲ್ಲಿ ಕಿರಿದೋ ಅಲ್ಲಿಯ ಅಳತೆ ಕೊಡಿ, ಅದರಲ್ಲೂ ಒಂದು ಅರ್ಧ ಇಂಚು ಬಿಡಿ’ ಅಂದರು ಆಚಾರ್ರು. ಉಳಿದ ಸಂದಿಗೆ ಫೋಮ್, ಹೊರಗಿನಿಂದ ಸಿಲಿಕಾನ್.

ಕೊನೆಗೆ ಬೇರೆ ಅಂಗಡಿಯಲ್ಲಿ ಮಾಡಿಸಿದ್ದು ಯುಪಿವಿಸಿಯೇ, ಆದರೆ ಎರಡು ಕದದ್ದು, ಹೊರಗೆ ತೆರೆಯುವಂಥದ್ದು. ಗಾಳಿ ಬೀಸಿದಷ್ಟೂ ಕದ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ, ಅದಕ್ಕೇ ಹೊರಗೆ. ಬಣ್ಣ ಮರದ್ದು ಅಂತ ಹೇಳಿದ್ದೆ, ಬಂದದ್ದು ಚಾಕಲೇಟ್ ಹಾಗಿದೆ. ಇರಲಿ. ಹೊನ್ನೆ ಹಲಗೆಗಳನ್ನು ಆಚಾರ್ರು ಜಗಲಿಯ ಬೆಂಚು ಮಾಡಿಕೊಟ್ಟರು, ಅಗಳಿ ಕಿತ್ತ ತೂತು ಹಾಗೇ ಉಳಿದಿದೆ.

ಮೇನಲ್ಲಿ ಒಂದು ಮಧ್ಯಾಹ್ನ ಮೋಡ ಕವಿದಾಗ ಅಪ್ಪನೂ ನಾನೂ ಮಂಚ ಎತ್ತಿಕೊಂಡು ಓಡಿದೆವು, ಎರಡೂ ಕಡೆ ಜಾಗ ಮಿಕ್ಕಿತು. ಜುಲೈನಲ್ಲಿ ಫೋನ್ ಮಾಡಿ ನೀರು ಬಂತಾ ಅಂತ ಕೇಳಿದೆ.

‘ಒಂದು ಹನಿಯೂ ಇಲ್ಲ’ ಅಂದಳು ಅಮ್ಮ. ‘ಟವೆಲ್ ಮಾತ್ರ ಸುಮ್ನೆ ಇಟ್ಟಿದೀನಿ.’