ಕಪಾಟಿನ ಮೇಲಿನ ಮತಪೆಟ್ಟಿಗೆ

ನಮ್ಮ ಸ್ಟಾಫ್ ರೂಮಿನ ಕಪಾಟಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಜೆರಾಕ್ಸ್ ಕಾಗದದ ಬಂಡಲ್ ಬಂದ ಪೆಟ್ಟಿಗೆ. ಸುತ್ತಲೂ ಹಳೇ ಕ್ಯಾಲೆಂಡರಿನ ಹಿಂಬದಿ ಅಂಟಿಸಿ, ಮೇಲೆ ಬ್ಲೇಡಿನಲ್ಲಿ ಸೀಳು ಮಾಡಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಮತಪೆಟ್ಟಿಗೆ' ಎಂದು ಮಕ್ಕಳೇ ಬರೆದಿದ್ದರು. ನಾಲ್ಕು ವರ್ಷ ಶಾಲಾ ನಾಯಕರ ಚುನಾವಣೆ ಅದರಲ್ಲೇ ನಡೆಯಿತು. ಈ ಜೂನ್‌ನಲ್ಲಿ ಅದಕ್ಕೆ ಕೆಲಸ ಇರಲಿಲ್ಲ. ಮೊಬೈಲ್‌ನಲ್ಲೇ ಮತ ಹಾಕುವ ಆ್ಯಪ್ ಬಂದಿತ್ತು. ಪೆಟ್ಟಿಗೆಯನ್ನು ರದ್ದಿಗೆ ಹಾಕೋಣ ಎಂದು ಕೆಳಗಿಳಿಸಿದವಳು, ಏನೋ ಅನಿಸಿ ಮತ್ತೆ ಮೇಲಿಟ್ಟೆ. ಆ ಪೆಟ್ಟಿಗೆಯ ಕತೆಯನ್ನೇ ಇವತ್ತು ಬರೆಯಬೇಕು.

ನಾನು ಸಮಾಜ ವಿಜ್ಞಾನದ ಟೀಚರ್. ಉಡುಪಿಯ ಸಂತೆಕಟ್ಟೆಯಿಂದ ಮಲ್ಪೆ ಕಡೆಗೆ ಹೋಗುವ ಒಳರಸ್ತೆಯಲ್ಲಿ ನಮ್ಮದೊಂದು ಸರಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು ಸೇರಿ 126 ಮಕ್ಕಳು. ಅರ್ಧದಷ್ಟು ಮನೆಗಳಲ್ಲಿ ತುಳು. ಕೆಲವರದ್ದು ಕೊಂಕಣಿ, ಕೆಲವರದ್ದು ಬ್ಯಾರಿ. ಸುಮಾರು 40 ಮಕ್ಕಳು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರು. ಅವರ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ, ಮಲ್ಪೆ ಬಂದರಿನ ಕೆಲಸಕ್ಕೆ ಬಂದವರು. ಈ ಮಕ್ಕಳು ಬರದಿದ್ದರೆ ನಮ್ಮ ಶಾಲೆಯ ಎಷ್ಟೋ ಬೆಂಚುಗಳು ಖಾಲಿ ಇರುತ್ತಿದ್ದವು. ಆದರೂ ಇಲ್ಲಿ ಅವರಿಗೆ 'ಘಟ್ಟದವರು' ಎಂದೇ ಹೆಸರು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದು ಇರುವುದಿಲ್ಲ. ಕೇಳಿಸಿಕೊಳ್ಳುವ ಮಗುವಿಗೆ ಮಾತ್ರ ಚುಚ್ಚುತ್ತದೆ.

ಮೊದಲೆಲ್ಲ ಜೂನ್ ಎರಡನೇ ವಾರಕ್ಕೇ ಚುನಾವಣೆ ಮುಗಿಸುತ್ತಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ಕೆಲಸ ಇರುವುದಿಲ್ಲ. ಊರಲ್ಲಿ ಬಿತ್ತನೆ ಸಮಯ. ಹಾಗಾಗಿ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗಿರುತ್ತವೆ. ಆ ಮಕ್ಕಳು ವಾಪಸ್ ಬರುವಷ್ಟರಲ್ಲಿ ನಾಯಕ ಆಯ್ಕೆಯಾಗಿ ಬ್ಯಾಡ್ಜ್ ಹಾಕಿಕೊಂಡಿರುತ್ತಿದ್ದ. ಮತದಾನದ ಹಕ್ಕು ಎಂದು ಪಾಠ ಮಾಡುವವಳು ನಾನು. 15, 16 ಮಕ್ಕಳ ಓಟು ಪ್ರತಿ ವರ್ಷ ತಪ್ಪುತ್ತಿದೆ ಎಂದು ನನಗೆ ಹೊಳೆಯಲು ನಾಲ್ಕು ವರ್ಷ ಬೇಕಾಯಿತು. ಈ ಸಲ ಹೆಡ್‌ಮಾಸ್ಟ್ರ ಹತ್ತಿರ ಹೇಳಿ ಜೂನ್ ಕೊನೆಯ ಶನಿವಾರಕ್ಕೆ ಹಾಕಿಸಿದೆ. ಎಲ್ಲರೂ ಬಂದಿರಲಿಲ್ಲ, ಆದರೆ ಬಹಳಷ್ಟು ಮಂದಿ ಬಂದಿದ್ದರು.

ಚುನಾವಣೆಯ ದಿನ ಜೋರು ಮಳೆ. ಎರಡು ಮೊಬೈಲ್ ಜೋಡಿಸಿದ್ದೆವು. ಒಂದು ನನ್ನ ಕೈಯಲ್ಲಿ, ಕಂಟ್ರೋಲ್ ಯೂನಿಟ್. ಇನ್ನೊಂದು ರಟ್ಟಿನ ಮರೆಯ ಹಿಂದೆ, ಬ್ಯಾಲೆಟ್ ಯೂನಿಟ್. ಒತ್ತಿದ ಕೂಡಲೇ 'ಬೀಪ್'. ಆ ಸದ್ದಿಗೆ ಮಕ್ಕಳ ಮುಖ ಅರಳುವುದನ್ನು ನೋಡಬೇಕಿತ್ತು. ಬೆರಳಿಗೆ ಹಚ್ಚಲು ನಿಜವಾದ ಶಾಯಿಯೇ ಬೇಕು ಎಂದು ಎಂಟನೆಯವರು ಹಟ ಹಿಡಿದರು. ಆ ಶಾಯಿ ಮೈಸೂರಿನ ಕಾರ್ಖಾನೆಯಲ್ಲಿ ಆಗುತ್ತದೆ, 1962ರ ಮಹಾಚುನಾವಣೆಯಿಂದ ಬಳಕೆಯಲ್ಲಿದೆ, ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ತೊಳೆದರೂ ಹೋಗುವುದಿಲ್ಲ ಎಂದೆಲ್ಲ ಹೇಳಿ, ಕೊನೆಗೆ ನೇರಳೆ ಮಾರ್ಕರ್ ಹಚ್ಚಿದೆ. ನೋಟಾ ಕೂಡ ಬೇಕು ಎಂದ ಒಬ್ಬ. ಅದು 2013ರಿಂದ ದೇಶಕ್ಕೇ ಇದೆ, ನಮಗೆ ಯಾಕೆ ಬೇಡ? ಇಟ್ಟೆವು. ಒಂಬತ್ತು ಓಟು ಬಿತ್ತು.

ಮರೆಯ ಹಿಂದೆ ಇಣುಕಲು ನೋಡಿದ ಇಬ್ಬರನ್ನು ನಿಲ್ಲಿಸಿ ಒಂದು ಮಾತು ಹೇಳಿದ್ದೆ. ಓಟು ಗುಟ್ಟು. ಯಾರಿಗೆ ಹಾಕಿದೆ ಎಂದು ಒತ್ತಾಯ ಮಾಡಿ ಕೇಳುವಂತಿಲ್ಲ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲೇ ಅದು ಇದೆ. ಯಾಕೆ ಗುಟ್ಟು? ಎಲ್ಲರೂ ನೋಡುತ್ತಿದ್ದರೆ ಬಡವನಿಗೆ, ಹೆದರುವವನಿಗೆ ತನ್ನ ಮನಸ್ಸಿನಂತೆ ಒತ್ತಲು ಆಗುವುದಿಲ್ಲ, ಅದಕ್ಕೆ. ಇಷ್ಟೇ ಹೇಳಿದ್ದು. ಆ ಮಾತನ್ನು ಒಬ್ಬಳು ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಗೆದ್ದವಳು ಅವಳೇ. ಹತ್ತನೆಯವಳು, ಬಾಗಲಕೋಟೆ ಕಡೆಯ ಹುಡುಗಿ. ಐದನೇ ತರಗತಿಗೆ ಇಲ್ಲಿಗೆ ಬಂದವಳು. ಆಟದಲ್ಲೇ ತುಳು ಕಲಿತಿದ್ದಳು. ಪ್ರಚಾರದ ದಿನ ಒಂದೊಂದು ಕ್ಲಾಸಿಗೂ ಹೋಗಿ "ಎಂಕ್ ಓಟು ಪಾಡ್ಲೆ" ಎಂದು ಕೈ ಮುಗಿದಾಗ ತುಳುವರ ಮಕ್ಕಳು ಬೆಂಚು ಕುಟ್ಟಿ ಕೂಗಿದರು. ಆಮೇಲೆ ಹಿಂದಿನ ಬೆಂಚಿಗೆ ತಿರುಗಿ ತನ್ನ ಊರಿನ ಮಾತಲ್ಲೇ "ನಿಮ್ಮ ಓಟೂ ಬೇಕ್ರೀ ಮತ್ತ" ಎಂದಳು. 14 ಓಟಿನಿಂದ ಗೆದ್ದಳು.

ಮಂತ್ರಿಮಂಡಲ ಎಲ್ಲ ಶಾಲೆಯಲ್ಲೂ ಇರುತ್ತದೆ. ಪ್ರಮಾಣ ವಚನ, ಬ್ಯಾಡ್ಜ್, ಫೋಟೊ. ಎಷ್ಟೋ ಕಡೆ ಅಲ್ಲಿಗೇ ನಿಲ್ಲುತ್ತದೆ, ಅದು ನನಗೆ ಬೇಸರದ ವಿಷಯ. ಮಕ್ಕಳ ಕೈಗೆ ನಿಜವಾದ ಕೆಲಸ ಕೊಡಬೇಕು. ತಪ್ಪಿದರೆ ನಾಲ್ಕು ಜನರಿಗೆ ತೊಂದರೆ ಆಗುವಂಥ ಕೆಲಸ. ನಮ್ಮ ಆಹಾರ ಮಂತ್ರಿ ಒಂಬತ್ತನೆಯ ಹುಡುಗ. ಬಿಸಿಯೂಟದ ಜೊತೆಗೆ ಮೊದಲು ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಿಂದ ಆರು ದಿನ ಆಗಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಪ್ರಾರ್ಥನೆ ಮುಗಿದ ಮೇಲೆ ಅವನು ಮೂರೂ ಕ್ಲಾಸಿಗೆ ಹೋಗಿ ಲೆಕ್ಕ ತೆಗೆದು, ಹತ್ತೂವರೆಯೊಳಗೆ ಅಡುಗೆ ಅಕ್ಕನಿಗೆ ಹೇಳಬೇಕು. ಒಂದು ದಿನ ಆರು ಮೊಟ್ಟೆ ಕಡಿಮೆ ಹೇಳಿಬಿಟ್ಟ. ಆರು ಮಕ್ಕಳ ತಟ್ಟೆ ಎದುರು ನಿಂತು ಅವನ ಕಣ್ಣು ತುಂಬಿತು. ಮರುದಿನದಿಂದ ಎರಡು ಸಲ ಎಣಿಸುತ್ತಾನೆ. ನಾನು ಅವನಿಗೆ ಏನೂ ಹೇಳಲಿಲ್ಲ.

ಮಳೆ ರಜೆಯದ್ದು ನಾಯಕಿಯೇ ವಹಿಸಿಕೊಂಡಳು. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಕೊಡುವುದು ರಾತ್ರಿ, ಕೆಲವು ಸಲ ಬೆಳಗ್ಗೆ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಎಲ್ಲರಿಗೂ ಗೊತ್ತಾಯಿತು ಎಂದು ನಾವು ಅಂದುಕೊಳ್ಳುತ್ತಿದ್ದೆವು. ಶೆಡ್‌ಗಳಲ್ಲಿ ಇರುವ ಎಷ್ಟೋ ಮನೆಗಳಿಗೆ ಇರುವುದು ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ನೆನೆದು ಬಂದು ಬೀಗ ಹಾಕಿದ ಗೇಟಿನ ಎದುರು ನಿಲ್ಲುವ ಮಕ್ಕಳು ಪ್ರತಿ ಮಳೆಗಾಲ ಇದ್ದರು. ಅವಳು ಪುಸ್ತಕದ ಹಿಂದಿನ ಹಾಳೆಯಲ್ಲಿ ಯಾರ ಮನೆ ಪಕ್ಕ ಯಾರಿದ್ದಾರೆ ಎಂದು ಬರೆದಳು. ಫೋನ್ ಇರುವವರು ಇಲ್ಲದವರ ಮನೆಗೆ ಹೋಗಿ ಹೇಳಬೇಕು. ಜುಲೈನಲ್ಲಿ ಮೂರು ಸಲ ರಜೆ ಬಂತು, ಗೇಟಿನ ಹತ್ತಿರ ಒಂದು ಮಗುವೂ ಇರಲಿಲ್ಲ.

ಎಲ್ಲವೂ ಆಗಲಿಲ್ಲ. ಬೆಳಗ್ಗೆ ಪಾಸ್ ಇರುವ ಮಕ್ಕಳನ್ನು ಕಂಡರೆ ನಿಲ್ಲಿಸದೇ ಹೋಗುವ ಒಂದು ಬಸ್ಸಿದೆ. ಮಕ್ಕಳ ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು, ತಾರೀಕು ಸಮೇತ ಹೇಳಿದಳು. ಪಂಚಾಯತಿಯವರು ಬರೆದುಕೊಂಡರು. ಬಸ್ಸು ಈಗಲೂ ಹಾಗೇ ಹೋಗುತ್ತಿದೆ. ನಾವೂ ಕೇಳುವುದನ್ನು ಬಿಟ್ಟಿಲ್ಲ.

ಇನ್ನು ಪೆಟ್ಟಿಗೆಗೆ ಬರುತ್ತೇನೆ.

ನವೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಬಂತು. ಪ್ರತಿ ವರ್ಷದಂತೆ ಎರಡು ದಿನ, ಮೈಸೂರು ಕಡೆ, ತಲೆಗೆ 1,800 ರೂಪಾಯಿ. ಕ್ಲಾಸಿಗೆ ಹೋಗಿ "ಯಾರು ಯಾರು ಬರ್ತೀರಿ, ಕೈ ಎತ್ತಿ" ಎಂದೆವು. 48 ಕೈ ಎದ್ದವು. ಒಂದು ಬಸ್ಸಿಗೆ ಸರಿ. ಉಳಿದವರಿಗೆ ಆಸಕ್ತಿ ಇಲ್ಲ ಎಂದುಕೊಂಡೆ. ಪ್ರತಿ ವರ್ಷವೂ ಹಾಗೇ ಅಂದುಕೊಂಡಿದ್ದೆ.

ಸಂಜೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಟೀಚರ್, ಓಟು ಗುಟ್ಟು ಅಂತ ನೀವೇ ಹೇಳಿದ್ರಿ. ಪ್ರವಾಸಕ್ಕ ಯಾಕ ಎಲ್ಲಾರ ಮುಂದ ಕೈ ಎತ್ತಸ್ತೀರಿ?"

ನಾನು ಸುಮ್ಮನಾದೆ. ಅವಳೇ ಮುಂದುವರಿಸಿದಳು. "ಹೋದ ವರ್ಷ ನಾ ಕೈ ಎತ್ತಿಲ್ರೀ. ಆಮ್ಯಾಲ ಎಲ್ಲಾರೂ ಕೇಳಿದ್ರು, ಯಾಕ ಬರೂದಿಲ್ಲ ಅಂತ. ಬಸ್ಸಿನ್ಯಾಗ ನಂಗ ವಾಂತಿ ಆಗ್ತದ ಅಂತ ಸುಳ್ಳು ಹೇಳಿದೆ."

ಆ ಸುಳ್ಳನ್ನು ನಾನೂ ನಂಬಿದ್ದೆ. ನಿಂಬೆಹಣ್ಣು ಮೂಸು, ಸರಿಹೋಗುತ್ತದೆ ಎಂದು ಬುದ್ಧಿ ಬೇರೆ ಹೇಳಿದ್ದೆ.

ಕುರ್ಚಿ ಎಳೆದು, ಹತ್ತಿ, ಪೆಟ್ಟಿಗೆ ಇಳಿಸಿದೆ. ಮಾರನೇ ದಿನ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಟ್ಟೆವು. ಹೆಸರು ಬರೆಯುವಂತಿಲ್ಲ. ಮೂರರಲ್ಲಿ ಒಂದಕ್ಕೆ ಗುರುತು: ಬರುತ್ತೇನೆ. ಬರುವ ಮನಸ್ಸಿದೆ, ಅಷ್ಟು ಹಣ ಆಗುವುದಿಲ್ಲ. ಬರುವ ಮನಸ್ಸಿಲ್ಲ. ಅವತ್ತು ಹಾಜರಿದ್ದವರು 119 ಮಕ್ಕಳು. ಊಟದ ಬಿಡುವಿನಲ್ಲಿ ನಾನು, ಅವಳು, ಆಹಾರ ಮಂತ್ರಿ ಕೂತು ಎಣಿಸಿದೆವು. ಬರುವವರು 51. ಮನಸ್ಸಿಲ್ಲದವರು 11. ಹಣ ಆಗದವರು 57.

ಹುಡುಗ ಎರಡನೇ ಸಲ ಎಣಿಸಿದ. 57ಏ.

ಅವರಲ್ಲಿ ಘಟ್ಟದ ಮೇಲಿನವರು ಇದ್ದಾರೆ, ಇಲ್ಲಿಯವರೂ ಇದ್ದಾರೆ ಎಂದು ಲೆಕ್ಕವೇ ಹೇಳುತ್ತಿತ್ತು. ನಮ್ಮಲ್ಲಿ ಆ ಕಡೆಯ ಮಕ್ಕಳು ಇರುವುದೇ 40, ಅಲ್ವಾ? ಯಾರ ಮನೆಯದ್ದು ಏನು ಎಂದು ಹುಡುಕಲು ನಾನು ಹೋಗಲಿಲ್ಲ. ಚೀಟಿಗಳನ್ನು ಹೆಡ್‌ಮಾಸ್ಟ್ರ ಮೇಜಿನ ಮೇಲೆ ಮೂರು ರಾಶಿ ಮಾಡಿ ಇಟ್ಟೆ. ಅವರು ಮಧ್ಯದ ರಾಶಿಯನ್ನು ಬಹಳ ಹೊತ್ತು ನೋಡಿ, "ಮೈಸೂರು ಬೇಡ ಹಾಗಾದ್ರೆ" ಎಂದರು.

ಒಂದೇ ದಿನದ ಪ್ರವಾಸ, ಕಾರ್ಕಳ ಮತ್ತು ಮೂಡುಬಿದಿರೆ. ಎರಡು ಬಸ್ಸು, ಊಟ ಎಲ್ಲ ಸೇರಿ 36,000. ತಲೆಗೆ ಸುಮಾರು 350 ಆಗುತ್ತದೆ ಎಂದು ತಿಳಿಸಿ, ಎಲ್ಲರಿಗೂ ಒಂದೇ ಥರದ ಕಂದು ಕವರ್ ಕೊಟ್ಟೆವು. ಮನೆಯಲ್ಲಿ ಆಗುವಷ್ಟು ಹಾಕಿ, ಅಂಟಿಸಿ, ಪೆಟ್ಟಿಗೆಗೆ ಹಾಕಿ. ಹೆಡ್‌ಮಾಸ್ಟ್ರಿಗೆ ಮೊದಲು ಭಯ ಇತ್ತು, ಎಲ್ಲರೂ ಖಾಲಿ ಕವರ್ ಹಾಕಿದರೆ? 33,400 ರೂಪಾಯಿ ಬಂತು. ಎರಡು ಕವರಿನಲ್ಲಿ 500ರ ನೋಟು ಇತ್ತು. ಒಂದರಲ್ಲಿ ಹತ್ತರ ಆರು ನೋಟು, ಮಡಿಸಿ ಮಡಿಸಿ ಮೆತ್ತಗಾದದ್ದು. ಕಡಿಮೆ ಬಿದ್ದ 2,600ನ್ನು ಹಳೆ ವಿದ್ಯಾರ್ಥಿಗಳು ಕೊಟ್ಟರು. 104 ಮಕ್ಕಳು ಬಂದರು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ 1432ರದ್ದು. ನಾನು ಎರಡೂ ಇಸವಿಯನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದೆ. 42 ಅಡಿಯ ಗೊಮ್ಮಟನ ಕೆಳಗೆ ನಿಂತು ಎಂಟನೆಯವರು ಅವನ ಕಾಲುಬೆರಳಿಗೂ ತಮ್ಮ ಕೈಗೂ ಅಳತೆ ಹೋಲಿಸುತ್ತಿದ್ದರು. ಅವಳು ಅಂಗಳದ ಕಲ್ಲಿನ ಮೇಲೆ ಕೂತು, ಎದುರಿನ ಗುಡ್ಡದ ಚತುರ್ಮುಖ ಬಸದಿಯನ್ನು ನೋಡುತ್ತಿದ್ದಳು. ಸುತ್ತ ತುಳು ಹುಡುಗಿಯರು. "ನಮ್ಮ ಕಡೆ ಬಾದಾಮಿ ಅದ. ಅಲ್ಲಿ ಕಲ್ಲು ಕೆಂಪ್ ಇರ್ತದ, ಇಲ್ಲಿ ಕಪ್ಪು" ಎನ್ನುತ್ತಿದ್ದಳು. ಒಬ್ಬಳು ಕೇಳಿದಳು, ಅಲ್ಲಿಗೆ ಹೋಗಲು ಎಷ್ಟು ಹೊತ್ತು, ನಿಮ್ಮ ಮನೆಯಲ್ಲಿ ಉಳಿಯಬಹುದಾ ಎಂದು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ನಿನ್ನೆ ಮತ್ತೆ ಬಂದಿದ್ದಳು. ಹತ್ತನೆಯವರ ಬೀಳ್ಕೊಡುಗೆಗೆ ಹುಡುಗಿಯರು ಸೀರೆ ಉಡಬೇಕಾ, ಸಮವಸ್ತ್ರವೇ ಸಾಕಾ ಎಂದು ಚರ್ಚೆ ನಡೆದಿದೆಯಂತೆ. ಸೀರೆ ಎಂದವರ ದನಿ ಜಾಸ್ತಿ ಇದೆಯಂತೆ.

"ಟೀಚರ್, ಪೆಟ್ಟಿಗೆ ಬೇಕಿತ್ರೀ."

ಪೆಟ್ಟಿಗೆ ಈಗ ಕಪಾಟಿನ ಮೇಲೆ ಇಲ್ಲ, ನನ್ನ ಮೇಜಿನ ಪಕ್ಕದಲ್ಲೇ ಇರುತ್ತದೆ. ಒಂದು ಮೂಲೆ ಬಿಟ್ಟಿತ್ತು. ಸಂತೆಕಟ್ಟೆಯಲ್ಲಿ ಬಸ್ಸು ಇಳಿದಾಗ ಒಂದು ಅಗಲದ ಗಮ್ ಟೇಪ್ ತಂದು ಅಂಟಿಸಿದ್ದೇನೆ.