ಅವಧಿ ಮುಗಿದದ್ದು ಯಾರ ಸರ್ಟಿಫಿಕೇಟ್?

2021ರ ಅಕ್ಟೋಬರ್ 1ರ ಬೆಳಿಗ್ಗೆ ನಾನು ಲಾಗಿನ್ ಆದಾಗ, ರಾತ್ರಿ ತಾವಾಗಿಯೇ ನಡೆಯಬೇಕಿದ್ದ ಬಿಲ್ಡ್‌ಗಳೆಲ್ಲ (ಕೋಡಿನಿಂದ ಪ್ರೋಗ್ರಾಂ ಸಿದ್ಧಪಡಿಸುವ ಕೆಲಸಗಳು) ಕೋಡ್ ತರುವ ಮೊದಲ ಹಂತದಲ್ಲೇ ನಿಂತಿದ್ದವು. ಉಬುಂಟು 16.04 ಇದ್ದ ಆ ಯಂತ್ರದಲ್ಲಿ, ಸರ್ವರಿನ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಪತ್ರದ, ಪರಿಶೀಲನೆ ವಿಫಲವಾಗಿದೆ ಎಂಬ ಒಂದೇ ಸಾಲನ್ನು ಕೋಡ್ ತರುವ ಸಾಧನವಾದ ಗಿಟ್ ತೋರಿಸುತ್ತಿತ್ತು. ಅದೇ ರೆಪಾಸಿಟರಿ (ಕೋಡಿನ ಸಂಗ್ರಹ) ನನ್ನ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತಿತ್ತು.

ಮೊದಲು ಯಂತ್ರದ ಗಡಿಯಾರ ನೋಡಿದೆ, ಸರಿಯಿತ್ತು. ಆಮೇಲೆ (ಈಗ ನೆನೆದರೆ ನಗು ಬರುತ್ತದೆ) ಸರ್ವರಿನಲ್ಲಿ ಇನ್ನೂ ಎರಡು ತಿಂಗಳ ಅವಧಿ ಉಳಿದಿದ್ದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಸರ್ಟಿಫಿಕೇಟನ್ನು ಹೊಸದಾಗಿ ಪಡೆದು ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಮಧ್ಯಾಹ್ನದೊಳಗೆ ರಿಲೀಸ್ ಆಗಲೇಬೇಕಿದ್ದುದರಿಂದ, ಬಿಲ್ಡ್ ಓಡುವ ಖಾತೆಯ ಗ್ಲೋಬಲ್ ಸೆಟ್ಟಿಂಗಿನಲ್ಲಿ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡಿದೆ.

ರಿಲೀಸ್ ಮುಗಿದ ಮೇಲೆ, ಸರ್ವರ್ ಕಳುಹಿಸುವ, ಒಂದಕ್ಕೆ ಇನ್ನೊಂದು ಸಹಿ ಹಾಕಿರುವ ಸರ್ಟಿಫಿಕೇಟ್‌ಗಳ ಸರಪಳಿಯನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನ ಬಳಸಿ ಒಂದೊಂದಾಗಿ ಓದಿದೆ. ನಮ್ಮ ಸರ್ಟಿಫಿಕೇಟಿಗೆ ಲೆಟ್ಸ್ ಎನ್‌ಕ್ರಿಪ್ಟಿನ ಮಧ್ಯಂತರ ಸರ್ಟಿಫಿಕೇಟ್ ಆರ್3ರ ಸಹಿ, ಆರ್3ಕ್ಕೆ ಐಎಸ್‌ಆರ್‌ಜಿ ರೂಟ್ ಎಕ್ಸ್1ರ (ರೂಟ್ ಎಂದರೆ ಯಂತ್ರ ನೇರವಾಗಿ ನಂಬುವ, ಸರಪಳಿಯ ಬುಡದ ಸರ್ಟಿಫಿಕೇಟ್) ಸಹಿ, ಅದಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3ರ ಸಹಿ ಇತ್ತು. ಈ ಕೊನೆಯದರ ಅವಧಿ ಹಿಂದಿನ ದಿನ ಸಂಜೆ, ನಮ್ಮ ಗಡಿಯಾರದಲ್ಲಿ 7 ಗಂಟೆ 31 ನಿಮಿಷಕ್ಕೆ, ಮುಗಿದುಹೋಗಿತ್ತು. ಐಎಸ್‌ಆರ್‌ಜಿ ರೂಟ್ ಎಕ್ಸ್1 ತನ್ನ ನಂಬಿಕೆಯ ಪಟ್ಟಿಯಲ್ಲೇ ಇರುವುದನ್ನು ಕಂಡು ಬ್ರೌಸರ್ ಅಲ್ಲಿಗೇ ತೃಪ್ತಿಪಡುತ್ತಿತ್ತು. ಆದರೆ ಉಬುಂಟು 16.04ರ ಗಿಟ್ ಬಳಸುವ ಹಳೆಯ ಗ್ನೂಟಿಎಲ್‌ಎಸ್ ಎಂಬ ಪರಿಶೀಲನಾ ಲೈಬ್ರರಿ, ಆ ಯಂತ್ರದ ಪಟ್ಟಿಯಲ್ಲೂ ಐಎಸ್‌ಆರ್‌ಜಿ ರೂಟ್ ಇದ್ದರೂ, ಸರ್ವರ್ ಕೊಟ್ಟ ಸರಪಳಿಯನ್ನು ಕೊನೆಯವರೆಗೂ ಹಿಡಿದು ಹೋಗಿ ಅವಧಿ ಮುಗಿದ ಬೇರಿಗೆ ಎಡವುತ್ತಿತ್ತು.

ಪರಿಹಾರಕ್ಕೆ ಬೇಕಾದದ್ದು ಒಂದು ಆಶ್ಚರ್ಯಸೂಚಕ ಚಿಹ್ನೆ. ಇಟಿಸಿ ಫೋಲ್ಡರಿನಲ್ಲಿರುವ ಸಿಎ (ಸರ್ಟಿಫಿಕೇಟ್ ನೀಡುವ ಸಂಸ್ಥೆ) ಸರ್ಟಿಫಿಕೇಟ್‌ಗಳ ಕಾನ್ಫಿಗ್ ಫೈಲಿನಲ್ಲಿ ಡಿಎಸ್‌ಟಿ ರೂಟ್ ಇರುವ ಸಾಲಿನ ಮೊದಲಿಗೆ ಅದನ್ನು ಸೇರಿಸಿ, ಪಟ್ಟಿಯನ್ನು ನವೀಕರಿಸುವ ಆದೇಶ ಓಡಿಸಿದರೆ, ಆ ರೂಟ್ ಪಟ್ಟಿಯಿಂದ ಹೊರಬೀಳುತ್ತದೆ, ಗ್ನೂಟಿಎಲ್‌ಎಸ್ ಕೂಡ ಐಎಸ್‌ಆರ್‌ಜಿ ರೂಟ್‌ನಲ್ಲೇ ನಿಲ್ಲುತ್ತದೆ. ಹಾಗೆ ಮಾಡಿ, ನನ್ನ ಖಾತೆಯಿಂದ ಕ್ಲೋನ್ ಮಾಡಿ ನೋಡಿ, ಟಿಕೆಟ್ ಮುಚ್ಚಿದೆ.

ಪರೀಕ್ಷಿಸಿದ್ದು ನನ್ನ ಖಾತೆಯಿಂದ ಎಂಬುದೇ ಮುಖ್ಯವಾಗಿತ್ತು. ಗಿಟ್‌ನಲ್ಲಿ ಗ್ಲೋಬಲ್ ಎಂದರೆ ಇಡೀ ಯಂತ್ರಕ್ಕಲ್ಲ, ಆಯಾ ಬಳಕೆದಾರರಿಗೆ ಮಾತ್ರ; ಹಾಗಾಗಿ ಬಿಲ್ಡ್ ಖಾತೆಯಲ್ಲಿ ನಾನು ಆಫ್ ಮಾಡಿದ್ದ ಪರಿಶೀಲನೆ ನನ್ನ ಪರೀಕ್ಷೆಯಲ್ಲಿ ಕಾಣಿಸಲೇ ಇಲ್ಲ. 2022ರ ಫೆಬ್ರವರಿಯಲ್ಲಿ ಹೊಸ ಯಂತ್ರಕ್ಕೆ ಸೆಟ್ಟಿಂಗುಗಳನ್ನು ಒಯ್ಯುವಾಗ, ಬಿಲ್ಡ್ ಖಾತೆಯ ಫೈಲಿನಲ್ಲಿ ಪರಿಶೀಲನೆ ಬೇಡ ಎನ್ನುವ ನನ್ನದೇ ಸಾಲು ಹಾಗೆಯೇ ಕುಳಿತಿತ್ತು. ನಾಲ್ಕು ತಿಂಗಳು ಆ ಹಳೆಯ ಯಂತ್ರ, ಎದುರಿಗಿರುವುದು ಯಾವ ಸರ್ವರ್ ಎಂದು ವಿಚಾರಿಸದೆಯೇ ಕೋಡ್ ತಂದಿತ್ತು. ಸಾಲನ್ನು ಅಳಿಸಿ ಬಿಲ್ಡ್ ಓಡಿಸಿದೆ. ಅಕ್ಟೋಬರ್ 1ರ ಸಂಜೆಯೇ ಅಳಿಸಿದ್ದರೂ ಓಡುತ್ತಿದ್ದಂತೆ, ಅದು ಸುಮ್ಮನೆ ಓಡಿತು.